ಓಲೆ ತೊಟ್ಟ ಹಸುಗಳು

ಮಾದೇನಕೊಪ್ಪಲಿನ ಹಸುಗಳು ಬೆದೆಗೆ ಬರುವುದನ್ನು ನಿಲ್ಲಿಸಿದ ಮೇಲೆ ಊರಿನವರು ಕಾರಣ ಹುಡುಕಿಕೊಂಡು ಹೆಚ್ಚು ದೂರ ಹೋಗಲಿಲ್ಲ. ಚಿಕ್ಕತಾಯಮ್ಮನ ಮನೆಯ ಹೊಸ ಸೊಸೆ ಸುಕನ್ಯಳ ಕಾಲಿನ ಹತ್ತಿರವೇ ಅದು ಸಿಕ್ಕಿಬಿಟ್ಟಿತು. ಯುಗಾದಿ ಕಳೆದ ಮೇಲೆ ಮದುವೆಯಾಗಿ ಬಂದ ಹುಡುಗಿ. ಅವಳು ಹೊಸ್ತಿಲ ಮೇಲಿನ ಅಕ್ಕಿ ಸೇರನ್ನು ಬಲಗಾಲಲ್ಲಿ ಒದ್ದು ಒಳಗೆ ಬಂದು ತಿಂಗಳೊಪ್ಪತ್ತು ಆಗಿತ್ತೋ ಇಲ್ಲವೋ, ಬೆದೆಗೆ ಬರಬೇಕಿದ್ದ ಆ ಮನೆಯ ಹಸು ಕೆಂದಿ ಬರಲಿಲ್ಲ. ಪಕ್ಕದ ಮನೆಯದೂ ಬರಲಿಲ್ಲ. ಶ್ರಾವಣದ ಹೊತ್ತಿಗೆ ಆ ಬೀದಿಯದು, ಗೌರಿ ಹಬ್ಬದ ಹೊತ್ತಿಗೆ ಇಡೀ ಊರಿನದು ಅದೇ ಕಥೆಯಾಯಿತು. ಒಬ್ಬ ಹುಡುಗಿಯ ಎರಡು ಕಾಲು, ಊರಿನ ಅಷ್ಟೂ ಹಸುಗಳ ಗರ್ಭಕ್ಕೆ ಬೀಗ ಹಾಕಿದವಂತೆ! ಅಷ್ಟು ಶಕ್ತಿಯಿರುವ ಕಾಲು ನಿಜವಾಗಿ ಯಾರಿಗಾದರೂ ಇದ್ದಿದ್ದರೆ ಸರ್ಕಾರ ಅವರನ್ನು ಮನೆಯಲ್ಲಿ ರಾಗಿ ಕೇರುತ್ತಾ ಕೂರಲು ಬಿಡುತ್ತಿತ್ತೇ?

ಸುಕನ್ಯ ಮಾತ್ರ ಆ ಭಾನುವಾರ ಸಂಜೆ ಜಗಲಿಯ ಮೂಲೆಯಲ್ಲಿ ರಾಗಿಯನ್ನೇ ಕೇರುತ್ತಿದ್ದಳು. ಹಾಲು ಕರೆಯುವ ಹೊತ್ತು. ಬೈಕಿಳಿದು ಬಂದ ಇಂದ್ರಾಣಿಗೆ ಅದು ವಿಚಿತ್ರವಾಗಿ ಕಂಡಿತು. ಇಂದ್ರಾಣಿ ಈ ಮನೆಯ ದೊಡ್ಡ ಮಗಳು, ಪಶುವೈದ್ಯೆ, ಮೈಸೂರಿನಲ್ಲಿ ಕೆಲಸ. ಸುಕನ್ಯಳ ಗಂಡ ನಂಜೇಶ ಅವಳ ತಮ್ಮ. ಈ ಹುಡುಗಿ ಕರೆದರೆ ಕೆಂದಿ ಬಾಲ ಕೂಡ ಬೀಸದೆ ನಿಲ್ಲುವುದನ್ನು ಅವಳು ಹಿಂದೆ ಬಂದಾಗ ಕಣ್ಣಾರೆ ಕಂಡಿದ್ದಳು.

"ಯಾಕಮ್ಮ, ಹಾಲು ಕರಿಯೋಕೆ ಹೋಗ್ಲಿಲ್ವ?"

"ಅತ್ತೆ ಬ್ಯಾಡ ಅಂದವ್ರೆ ಅಕ್ಕ. ನಾನು ಕೊಟ್ಗೆ ಒಳೀಕೆ ಕಾಲಿಕ್ಬಾರ್ದಂತೆ," ಎಂದಳು ಸುಕನ್ಯ, ಮೊರದಿಂದ ಕಣ್ಣೆತ್ತದೆ.

ಇಂದ್ರಾಣಿಗೆ ಮೈ ಉರಿಯಿತು. ನೇರ ಕೊಟ್ಟಿಗೆಗೆ ಹೋದಳು. ಅಲ್ಲಿ ಚಿಕ್ಕತಾಯಮ್ಮ ಕೆಂದಿಯ ಕೆಚ್ಚಲು ತೊಳೆಯುತ್ತಿದ್ದಳು.

"ಏನವ್ವ ಇದು? ಆ ಹುಡುಗಿ ಕಾಲಲ್ಲಿ ಏನು ವಿಷ ಇದ್ದದಾ?"

"ಮೆಲ್ಲುಕ್ಕೆ ಮಾತಾಡು, ಬೀದಿಗೆ ಕೇಳ್ತದೆ. ನಾನೇನು ಅವ್ಳ್ನ ಹೊಡ್ದ್ನಾ, ಬೈದ್ನಾ? ಮಂಗಳವಾರ ಅವ್ಳ ಅಣ್ಣ ಬತ್ತಾನೆ. ಒಸಿ ದಿನ ತೌರ್ನಲ್ಲಿ ಇದ್ಬುಟ್ಟು ಬರ್ಲಿ. ಕೆಂದಿ ಗಬ್ಬ ನಿಂತ್ಮೇಲೆ ನಾನೇ ಹೋಗಿ ಕರ್ಕಂಬತ್ತೀನಿ."

"ನಿಲ್ದೇ ಇದ್ರೆ?"

ಚಿಕ್ಕತಾಯಮ್ಮ ಕೈಯ ನೀರು ಕೊಡವಿದಳು. "ನಿಲ್ದೇ ಇದ್ರೆ ದೊಡ್ಡೋರು ಕೂತು ಮಾತಾಡ್ತಾರೆ."

ದೊಡ್ಡವರು ಕೂತು ಮಾತಾಡಿದರೆ ಏನಾಗುತ್ತದೆ ಎಂಬುದು ಆ ಸೀಮೆಯಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ. ಹುಡುಗಿಯ ಪಾತ್ರೆ ಪಡಗ ಗೂಡ್ಸ್ ಆಟೋ ಏರುತ್ತವೆ, ಅಷ್ಟೆ. ನಂಜೇಶನನ್ನು ಕೇಳೋಣವೆಂದರೆ ಅವನು ಆಲೆಮನೆಯ ಕೆಲಸ ಮುಗಿಸಿ ಬಂದು, "ಅವ್ವ ಹೇಳ್ತದೆ, ಇವ್ಳು ಅಳ್ತಾಳೆ, ನಾನೇನು ಮಾಡ್ಲಿ ಅಕ್ಕ," ಎಂದು ಟವೆಲಿನಿಂದ ಮುಖ ಒರೆಸಿಕೊಂಡ. ಮುಖ ಒರೆಸಿಕೊಳ್ಳುವುದರಲ್ಲಿ ಅವನು ಮೊದಲಿಂದಲೂ ನಿಸ್ಸೀಮ.

"ಅವ್ವ, ಬೆದೆ ಬರೋದು ಹಸುವಿನ ಮೈಯೊಳಗಿನ ಲೆಕ್ಕ. ಅದಕ್ಕೂ ಸೊಸೆ ಕಾಲಿಗೂ ಏನು ಸಂಬಂಧ?" ಎಂದು ಇಂದ್ರಾಣಿ ಮತ್ತೆ ತಾಯಿಯತ್ತ ತಿರುಗಿದಳು.

"ನಾನು ಸುಮ್ಸುಮ್ನೆ ಹೇಳ್ತಾ ಇದ್ದೀನಾ? ನಿಮ್ ಕಂಪ್ನಿಯೋರೇ ಹೇಳವ್ರೆ ನೋಡು," ಎಂದು ಚಿಕ್ಕತಾಯಮ್ಮ ಸೊಂಟದಿಂದ ಮೊಬೈಲು ತೆಗೆದು ಮಗಳ ಮುಖಕ್ಕೆ ಹಿಡಿದಳು. ಹಾಲ್ಗಡಲು ಕಂಪನಿಯ ಸಂದೇಶ. 'ನಿಮ್ಮ ಹಸುವಿನ ದೇಹ ಸ್ಪಂದಿಸುತ್ತಿಲ್ಲ. ಮನೆಯಲ್ಲಿ ಆರೈಕೆಯ ಕಡೆ ಗಮನ ಕೊಡಿ.' ಚಿಕ್ಕತಾಯಮ್ಮ ಅದರ ಒಂದೊಂದು ಪದದ ಮೇಲೂ ಬೆರಳಿಟ್ಟಳು. "ದೋಷ ಮನೇಲೇ ಅದೆ ಅಂತ ಅವ್ರೇ ಬರ್ದವ್ರೆ. ಬೂಸ ಅದೇ, ಹುಲ್ಲು ಅದೇ, ನೀರು ಅದೇ. ಮನೇಲಿ ಹೊಸ್ದಾಗಿ ಬಂದಿರಾದು ಏನು, ನೀನೇ ಹೇಳು."

ಇಂದ್ರಾಣಿ ಮೊಬೈಲನ್ನು ಕೈಗೆ ತೆಗೆದುಕೊಂಡು ಇನ್ನೊಮ್ಮೆ ಓದಿದಳು. ಆ ಸಂದೇಶ ಕಳಿಸಿದ್ದು ಅವಳು ಸಂಬಳಕ್ಕಿರುವ ಕಂಪನಿಯೇ.

ಓಲೆಯ ಕಥೆಯನ್ನು ಇಲ್ಲಿ ಹೇಳಿಬಿಡಬೇಕು. ಕಂಪನಿ ಅದಕ್ಕೆ ಏನೋ ಭಾರಿ ಸಂಸ್ಕೃತದ ಹೆಸರಿಟ್ಟಿತ್ತು. ಹಸುವಿನ ಕಿವಿಯ ಮೇಲೆ ನೀಲಿ ಗುಂಡಿಯೊಂದು ಹೊಳೆಯುತ್ತಿದ್ದದ್ದರಿಂದ ಜನ ಅದನ್ನು ಓಲೆ ಎಂದರು. ಗುಂಡಿಯ ಕೆಳಗೆ, ಚರ್ಮದಡಿ, ಹುಣಿಸೆ ಬೀಜದಷ್ಟು ದೊಡ್ಡ ಡಬ್ಬಿ. ಅದರಲ್ಲಿ ಮೂರು ಕೋಣೆ, ಒಂದೊಂದರಲ್ಲೂ ಒಂದು ಹಾರ್ಮೋನು. ಮೊದಲನೆಯದು ಪ್ರೊಜೆಸ್ಟರಾನ್. ಅದು ಹಸುವಿನ ರಕ್ತದಲ್ಲಿ ಇರುವ ತನಕ ಅಂಡ ಬಿಡುಗಡೆಯಾಗುವುದಿಲ್ಲ, ಬೆದೆಯೂ ಇಲ್ಲ. ಕೆಲವು ದಿನ ಅದನ್ನು ಜಿನುಗಿಸಿ ಥಟ್ಟನೆ ನಿಲ್ಲಿಸಿ, ಉಳಿದ ಎರಡನ್ನೂ ಹೊತ್ತು ನೋಡಿ ಬಿಟ್ಟರೆ ಹಸು ಹೇಳಿದ ದಿನಕ್ಕೆ ಬೆದೆಗೆ ಬರುತ್ತದೆ. ಹಿಂದೆ ಇದನ್ನೇ ಪಶುವೈದ್ಯರು ಸೂಜಿ ಹಿಡಿದು ಮನೆಮನೆಗೆ ಅಲೆದು ಮಾಡುತ್ತಿದ್ದರು. ಈಗ ಮೈಸೂರಿನ ಕಂಟ್ರೋಲ್ ರೂಮಿನಲ್ಲಿ ಕೂತು ಆಜ್ಞೆ ಕೊಟ್ಟರೆ ಟವರಿನ ಮೂಲಕ ಓಲೆಗೆ ತಲುಪುತ್ತದೆ.

ಒಳ್ಳೆಯ ಉಪಾಯವೇ. ಅದರಲ್ಲಿ ಇಂದ್ರಾಣಿಗೆ ಇವತ್ತಿಗೂ ಅನುಮಾನವಿಲ್ಲ. ಸೀಮೆ ಹಸು ಸದ್ದಿಲ್ಲದೆ ಬೆದೆಗೆ ಬಂದು ಹೋಗಿಬಿಡುತ್ತದೆ. ಮನೆಯವರು ಗದ್ದೆಯಲ್ಲಿ ನಾಟಿಗೆ ಬಗ್ಗಿರುತ್ತಾರೆ, ಗೊತ್ತೇ ಆಗುವುದಿಲ್ಲ. ಮತ್ತೆ ಮೂರು ವಾರ ಕಾಯಬೇಕು, ಬರಿದೇ ಮೇವು ಹಾಕಬೇಕು. ಓಲೆ ಬಂದ ಮೇಲೆ ಆ ಗೋಳು ತಪ್ಪಿತು. ಇಂಥ ದಿನ ಬೆದೆ ಎಂದರೆ ಇಂಥ ದಿನ ಗಬ್ಬ ಕಟ್ಟಿಸುವ ಇಂಜೆಕ್ಷನ್ನಿನವನು ಬಾಗಿಲಲ್ಲಿ. ಮೊದಲ ಎರಡು ವರ್ಷ ಊರಿನ ಹೆಂಗಸರು ಕರು ಹಾಕುವ ತಿಂಗಳು ನೋಡಿಕೊಂಡು ಮಕ್ಕಳ ಮದುವೆ ಗೊತ್ತು ಮಾಡುತ್ತಿದ್ದರು. ಮಾದೇನಕೊಪ್ಪಲಿಗೆ ಓಲೆ ತಂದವಳು ಇಂದ್ರಾಣಿಯೇ. ಆಗ ಇದೇ ಚಿಕ್ಕತಾಯಮ್ಮ ಬೀದಿಗೆಲ್ಲ ಕೇಳುವಂತೆ "ನಮ್ ಇಂದ್ರಿ ತಂದಿದ್ದು" ಎಂದು ಹೇಳಿಕೊಂಡು ತಿರುಗಿದ್ದಳು.

ಇಂದ್ರಾಣಿ ಉದ್ದನೆಯ ಕೈಗವಸು ತೊಟ್ಟು ಕೆಂದಿಯನ್ನು ಪರೀಕ್ಷಿಸಿದಳು. ಗರ್ಭಕೋಶ ಸೊಗಸಾಗಿತ್ತು. ಅಂಡಾಶಯ ಎರಡೂ ಮಾತ್ರ ಮಲಗಿದ್ದವು. ಬೆದೆ ಬಂದುಹೋದ ಗುರುತಿಲ್ಲ. ಪ್ರೊಜೆಸ್ಟರಾನನ್ನು ಸುರಿಸುವ ಹಳದಿ ಗಂಟಿನ ಸುಳಿವೇ ಇಲ್ಲ. ಅವಳು ಕೆಂದಿಯದೂ ಪಕ್ಕದ ಮನೆಯ ದ್ಯಾವಮ್ಮನ ಹಸುವಿನದೂ ಹಾಲನ್ನು ಸಣ್ಣ ಬಾಟಲಿಗಳಲ್ಲಿ ತುಂಬಿಕೊಂಡು ಹೊರಟಳು. ಹೊರಡುವಾಗ ದ್ಯಾವಮ್ಮ ಬೇಲಿಯಾಚೆಯಿಂದ ಕೂಗಿ ಹೇಳಿದಳು, "ನಿಮ್ ಸೊಸೇನ ಬೇಗ ಕಳ್ಸಿ ಕಣವ್ವ, ನಮ್ ಹಸೀಗೆ ದಲ್ಲಾಳಿ ಬಂದು ಬಾಯಿಗೆ ಬಂದ ಬೆಲೆ ಕೇಳ್ತಾವ್ನೆ." ಜಗಲಿಯಲ್ಲಿ ಕೂತಿದ್ದ ಸುಕನ್ಯ ಮೊರದ ರಾಗಿಯನ್ನು ಇನ್ನೂ ಜೋರಾಗಿ ಕೇರತೊಡಗಿದಳು.

ಸೋಮವಾರ ಬೆಳಿಗ್ಗೆ ಕಂಪನಿಯ ಲ್ಯಾಬಿನಲ್ಲಿ ಆ ಬಾಟಲಿಗಳನ್ನು ಯಂತ್ರಕ್ಕೆ ಹಾಕಿದಾಗ ಉತ್ತರ ಬರಲು ಹೆಚ್ಚು ಹೊತ್ತಾಗಲಿಲ್ಲ. ಎರಡೂ ಹಾಲಿನಲ್ಲಿ ಪ್ರೊಜೆಸ್ಟರಾನ್ ತುಂಬಿತ್ತು. ಇಂದ್ರಾಣಿ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದಳು. ಅದನ್ನು ಸುರಿಸುವ ಗಂಟು ಅಂಡಾಶಯದಲ್ಲಿ ಇಲ್ಲ, ಅದನ್ನು ಅವಳ ಕೈಯೇ ನೋಡಿದೆ. ಹಾಲಿನಲ್ಲಿ ಮಾತ್ರ ಇದೆ. ಹಾಗಾದರೆ ಸುರಿಸುತ್ತಿರುವುದು ಓಲೆ. ಓಲೆ ತಾನಾಗಿಯೇ ಏನನ್ನೂ ಮಾಡುವುದಿಲ್ಲ, ಹೇಳಿದ್ದನ್ನು ಮಾಡುತ್ತದೆ. ಯಾರೋ ಹೇಳಿದ್ದಾರೆ. ಇವತ್ತಿಗೂ ಹೇಳುತ್ತಲೇ ಇದ್ದಾರೆ.

ಅವಳು ಮಹಡಿ ಹತ್ತಿ ಕಂಟ್ರೋಲ್ ರೂಮಿಗೆ ಹೋದಳು. ಗೋಡೆಯಗಲದ ನಕ್ಷೆಯಲ್ಲಿ ಊರುಗಳು ಬಣ್ಣಬಣ್ಣದ ದೀಪಗಳಾಗಿ ಉರಿಯುತ್ತಿದ್ದವು. ಬೆದೆಗೆ ತಯಾರಾದ ಊರು ಕೆಂಪು, ಗಬ್ಬದ ಊರು ಹಸಿರು. ಅಂಚಿನಲ್ಲಿ ಬೂದಿ ಬಣ್ಣದ ಒಂದಿಷ್ಟು ಚುಕ್ಕೆಗಳು. ಅವುಗಳಿಗೆ 'ವಿಶ್ರಾಂತಿ' ಎಂದು ಹೆಸರು. ಕರು ಹಾಕಿದ ಹಸುಗಳಿಗೆ ಕೊಡುವ ವಿಶ್ರಾಂತಿ ಎಂದೇ ಅವಳು ಇಷ್ಟು ದಿನ ತಿಳಿದಿದ್ದಳು. ಮಾದೇನಕೊಪ್ಪಲು ಆ ಬೂದಿಯೊಳಗಿತ್ತು. ಅದರ ಸುತ್ತಲಿನ, ಟ್ಯಾಂಕರ್ ಹೋಗಲು ರಸ್ತೆ ಸರಿಯಿಲ್ಲದ ಸಣ್ಣ ಊರುಗಳೆಲ್ಲ ಬೂದಿಯೇ. ಹೆದ್ದಾರಿಯ ಪಕ್ಕದ ದೊಡ್ಡ ಊರು ಒಂದೂ ಇರಲಿಲ್ಲ.

ದಯಾನಂದ್ ಅಲ್ಲಿನ ಮುಖ್ಯಸ್ಥ. ಮನುಷ್ಯ ಹೆಸರಿಗೆ ತಕ್ಕ ಹಾಗೆ ಮೆತ್ತಗೆ. ಯಾರಿಗೂ ಕುರ್ಚಿ ಕೊಡದೆ ಮಾತಾಡಿಸಿದವನಲ್ಲ. ಇಂದ್ರಾಣಿಗೂ ಕೊಟ್ಟ, ಕಾಫಿಯನ್ನೂ ತರಿಸಿದ.

"ಮಾದೇನಕೊಪ್ಪಲಿನ ಹಸುಗಳನ್ನ ನೀವು ಹಿಡಿದಿಟ್ಟಿದ್ದೀರಾ ಸರ್?"

"ಹಿಡಿದಿಡೋದು ಅಂದ್ರೆ ಕೆಟ್ಟದಾಗಿ ಕೇಳುತ್ತೆ ಮೇಡಂ. ಸಮತೋಲನ ಅಂತೀವಿ," ಎಂದ ದಯಾನಂದ್. "ಗೋದಾಮಿನಲ್ಲಿ ಹಾಲಿನ ಪುಡಿ ಬೆಟ್ಟದ ಹಾಗೆ ಬಿದ್ದಿದೆ, ಕೇಳೋರಿಲ್ಲ. ಹಾಲು ಜಾಸ್ತಿಯಾಯ್ತು ಅಂತ ಬೆಲೆ ಇಳಿಸಿದ್ರೆ ಏನಾಗುತ್ತೆ, ನಿಮಗೇ ಗೊತ್ತಲ್ಲ. ರಸ್ತೆಗೆ ಹಾಲು ಸುರೀತಾರೆ, ಟೀವಿಯವರು ಬರ್ತಾರೆ. ಅದರ ಬದಲು ಒಂದಿಷ್ಟು ಕಡೆ ಕರು ಹುಟ್ಟೋದನ್ನ ಸ್ವಲ್ಪ ಮುಂದಕ್ಕೆ ಹಾಕಿದ್ವಿ. ಯಾರಿಗೂ ನೋವಿಲ್ಲದ ದಾರಿ."

"ಅವರಿಗೆ ಹೇಳಿದ್ರಾ?"

"ಹೇಳಿದ್ರೆ ಗಲಾಟೆ ಆಗುತ್ತಲ್ವಾ?"

"ಹೇಳೋದರ ಬದಲು, ಹಸುವಿನ ದೇಹ ಸ್ಪಂದಿಸುತ್ತಿಲ್ಲ ಅಂತ ಸುಳ್ಳು ಬರೆದು ಕಳಿಸಿದ್ರಿ."

"ಸುಳ್ಳೆಲ್ಲಿ ಬಂತು ಮೇಡಂ? ಸ್ಪಂದಿಸ್ತಾ ಇಲ್ಲ ತಾನೇ?"

ಇಂದ್ರಾಣಿ ಕಾಫಿ ಲೋಟವನ್ನು ಟೇಬಲ್ಲಿನ ಮೇಲೆ ಕುಕ್ಕಿದಳು. ಎರಡು ಹನಿ ಅವನ ಕಾಗದಗಳ ಮೇಲೆ ಹಾರಿದವು. ಒಳ್ಳೆಯದೇ ಆಯಿತು ಎನ್ನಿಸಿತು. ಒಬ್ಬನ ಬಾಯಿಗೆ ಬಟ್ಟೆ ತುರುಕಿ, ಆಮೇಲೆ ಇವನು ಮಾತಾಡುವುದಿಲ್ಲ ಎಂದು ಊರೂರಿಗೆ ಡಂಗುರ ಹೊಡೆಯುವುದಕ್ಕೆ ಸತ್ಯ ಎಂದು ಹೆಸರಿಡುವ ಜನರ ನಡುವೆ ತಾನು ಇಷ್ಟು ವರ್ಷ ದುಡಿದೆನಲ್ಲ!

"ನಮ್ಮೂರಲ್ಲಿ ಗೊಡ್ಡು ಅಂತ ಹಸುಗಳನ್ನ ದಲ್ಲಾಳಿಗೆ ಮಾರ್ತಿದ್ದಾರೆ. ಅವು ಗೊಡ್ಡಲ್ಲ. ನಮ್ಮ ಮನೇಲಿ, ಹೊಸದಾಗಿ ಬಂದ ಹುಡುಗಿ ಕಾಲ್ಗುಣ ಸರಿಯಿಲ್ಲ ಅಂತ ನಾಳೆ ಅವಳನ್ನ ತೌರಿಗೆ ಅಟ್ತಿದ್ದಾರೆ. ನೀವಿಲ್ಲಿ ಕೂತು ಒತ್ತಿದ ಗುಂಡಿಗೆ ಅಲ್ಲಿ ಅವಳು ಬಾಳು ಕಳ್ಕೊಳ್ತಿದ್ದಾಳೆ ಸರ್."

ದಯಾನಂದ್ ನಿಜವಾಗಿಯೂ ನೊಂದುಕೊಂಡ. "ಛೆ, ಈ ಕಾಲದಲ್ಲೂ ಇಂಥ ಮೂಢನಂಬಿಕೆ! ಆದರೆ ಮೇಡಂ, ಅದು ನಿಮ್ಮ ಮನೆಯವರ ನಂಬಿಕೆ. ಅದಕ್ಕೆ ಕಂಪನಿ ಏನು ಮಾಡೋಕಾಗುತ್ತೆ?" ಸ್ವಲ್ಪ ಯೋಚಿಸಿ ದನಿ ತಗ್ಗಿಸಿದ. "ಒಂದು ಮಾಡ್ಬಹುದು. ನಿಮ್ಮ ಮನೆ ಹಸುವನ್ನ ಮಾತ್ರ ಬಿಡಿಸ್ತೀನಿ. ಯಾರಿಗೂ ಹೇಳೋದು ಬೇಡ."

ಇಂದ್ರಾಣಿಗೆ ಒಂದು ಗಳಿಗೆ ಆಸೆಯಾಯಿತು. ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಕೆಂದಿ ಬೆದೆಗೆ ಬಂದರೆ ಸುಕನ್ಯ ಉಳಿದುಕೊಳ್ಳುತ್ತಾಳೆ. ಆದರೆ ದ್ಯಾವಮ್ಮನ ಹಸು? ಸುತ್ತಲ ಹತ್ತೂರಿನಲ್ಲಿ ಇನ್ನೆಷ್ಟು ಸೊಸೆಯಂದಿರು ಜಗಲಿಯ ಮೂಲೆ ಹಿಡಿದು ಕೂತಿದ್ದಾರೋ?

"ಬೇಡ. ಬಿಡಿಸೋದಾದ್ರೆ ಇಡೀ ಊರನ್ನ ಬಿಡಿಸಿ. ಜನಕ್ಕೆ ನಿಜ ಬರೆದು ಕಳಿಸಿ."

"ಮೇಲಿನವರ ಹತ್ರ ಮಾತಾಡ್ತೀನಿ," ಎಂದ ದಯಾನಂದ್. ಇಂದ್ರಾಣಿ ರಾತ್ರಿಯೇ ತಾಯಿಗೆ ಫೋನು ಮಾಡಿ ಸುಕನ್ಯಳನ್ನು ಕಳಿಸಬೇಡ ಎಂದು ಬೇಡಿಕೊಂಡಳು, ಗದರಿದಳು. ಹಾಲು ಕೊಟ್ಟಷ್ಟು ಸಲೀಸಾಗಿ ಚಿಕ್ಕತಾಯಮ್ಮ ಮಾತು ಕೊಡುವವಳಲ್ಲ. ಮಂಗಳವಾರ ಸುಕನ್ಯಳ ಅಣ್ಣ ಬಂದ, ತಲೆ ಬಗ್ಗಿಸಿಕೊಂಡು ತಂಗಿಯನ್ನು ಕರೆದುಕೊಂಡು ಹೋದ. ನಂಜೇಶ ಬಸ್ ನಿಲ್ದಾಣದ ತನಕ ಅವಳ ಚೀಲ ಹೊತ್ತು ಬಂದು ಮತ್ತೆ ಮುಖ ಒರೆಸಿಕೊಂಡ.

ಅದೇ ವಾರ ಚಿಕ್ಕತಾಯಮ್ಮನ ಫೋನು ಬಂತು. ದನಿಯಲ್ಲಿ ಹಬ್ಬ.

"ಇಂದ್ರಿ, ಕೆಂದಿ ಬೆಳಗ್ಗಿಂದ ಊರು ಕಿತ್ತೋಗಂಗೆ ಕೂಗ್ತಾ ಅದೆ ಕಣವ್ವ! ಲೋಳೆ ಸುರೀತಾ ಅದೆ. ಆ ಹುಡ್ಗಿ ಹೊಸ್ಲು ದಾಟಿದ್ದೇ ತಡ, ನೋಡು! ನೀನು ಓದ್ದೋಳು ಏನಂತೀಯ ಈಗ?"

ಇಂದ್ರಾಣಿ ಫೋನಿಟ್ಟು ಮಹಡಿಗೆ ಓಡಿದಳು. ದಯಾನಂದ್ ಅವಳನ್ನು ಕಂಡೊಡನೆ ನಕ್ಕ. ಉಪಕಾರ ಮಾಡಿ ಸುಮ್ಮನಿದ್ದವನ ನಗು.

"ಬಂತಾ ಮೇಡಂ? ನೀವು ಬೇಡ ಅಂದ್ರೂ ನನಗೆ ಮನಸ್ಸು ತಡೀಲಿಲ್ಲ. ಮಂಗಳವಾರ ಬೆಳಿಗ್ಗೆನೇ ನಿಮ್ಮ ಮನೆಯದೊಂದನ್ನ ಬಿಡಿಸಿಬಿಟ್ಟೆ. ಆ ಹುಡುಗಿಗೆ ಒಳ್ಳೇದಾಗ್ಲಿ."

ಇಂದ್ರಾಣಿಯ ಕಣ್ಣಲ್ಲಿ ನೀರು ಬಂತು, ಕೋಪದ ನೀರು. ಈ ಪುಣ್ಯಾತ್ಮ ತನ್ನ ಒಂದು ಬೆರಳಿನಿಂದ ಆ ಹುಡುಗಿಯ ಮೇಲಿನ ಅಪವಾದಕ್ಕೆ ಸಾಕ್ಷಿ ಹಾಕಿ ಮೊಹರು ಒತ್ತಿಬಿಟ್ಟಿದ್ದ. ಇನ್ನು ಸುಕನ್ಯ ಆ ಹೊಸ್ತಿಲು ತುಳಿಯುವುದು ಕನಸಿನ ಮಾತು. ಹುಡುಗಿ ಹೋದಳು, ಹಸು ಬಂತು. ಇದಕ್ಕಿಂತ ದೊಡ್ಡ ಪುರಾವೆ ಊರಿಗೆ ಬೇಕೇ?

"ಇಡೀ ಊರಿನ ವಿಷಯ?" ಎಂದು ಕೇಳಿದಳು.

"ಮುಂದಿನ ವರ್ಷ ನೋಡೋಣ ಅಂದ್ರು ಮೇಡಂ."

ಇಂದ್ರಾಣಿ ಲ್ಯಾಬಿಗಿಳಿದು ಹತ್ತಿ, ಅಯೋಡಿನ್, ಮರಗಟ್ಟಿಸುವ ಮದ್ದು, ಬ್ಲೇಡುಗಳನ್ನು ಪೆಟ್ಟಿಗೆಗೆ ತುಂಬಿ ಊರಿಗೆ ಹೊರಟಳು.

ಮನೆಯ ಮುಂದೆ ಹೆಂಗಸರ ಗುಂಪೇ ನೆರೆದಿತ್ತು. ಕೆಂದಿಗೆ ಆಗಲೇ ಇಂಜೆಕ್ಷನ್ ಆಗಿತ್ತು. ಚಿಕ್ಕತಾಯಮ್ಮ ಎಲ್ಲರಿಗೂ ಬೆಲ್ಲ ಹಂಚುತ್ತಿದ್ದಳು. ಇಂದ್ರಾಣಿ ಜಗಲಿಯ ಮೇಲೆ ನಿಂತು, ಓಲೆ ಏನು, ಅದರಿಂದ ಏನು ಜಿನುಗುತ್ತಿದೆ, ಅದಕ್ಕೆ ಆಜ್ಞೆ ಕೊಡುವವರು ಯಾರು, ಯಾಕೆ ಎಂಬುದನ್ನೆಲ್ಲ ಬಿಡಿಸಿ ಹೇಳಿದಳು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಅಲ್ಲ ಕಣವ್ವ," ಎಂದಳು ಚಿಕ್ಕತಾಯಮ್ಮ, ನಿಧಾನವಾಗಿ, ಮಗುವಿಗೆ ಹೇಳುವಂತೆ. "ಮೈಸೂರ್ನಲ್ಲಿ ಯಾವನೋ ಕುರ್ಚಿ ಮೇಲೆ ಕೂತು ಗುಂಡಿ ಒತ್ತುದ್ರೆ ಇಲ್ಲಿ ನಮ್ ಹಸ ಬೆದೆಗೆ ಬತ್ತದೆ, ಒತ್ದೇ ಇದ್ರೆ ಬರಾಕಿಲ್ಲ. ಅದನ್ನ ನಾವು ನಂಬ್ಬೇಕು. ನಮ್ ಮನೆ ಒಳ್ಗೇ ಓಡಾಡೋಳ ಕಾಲ್ಗುಣ ಅಂದ್ರೆ ಮಾತ್ರ ನೀನು ನಗ್ತೀಯ. ಕಣ್ಣಿಗೆ ಅದೂ ಕಾಣಾಕಿಲ್ಲ, ಇದೂ ಕಾಣಾಕಿಲ್ಲ. ಹುಡ್ಗಿ ಹೋದ್ದು ಕಾಣ್ತು, ಹಸ ಕೂಗಿದ್ದು ಕೇಳ್ತು."

ತಾಯಿ ಪೆದ್ದಿಯಲ್ಲ, ಅದೇ ಕಷ್ಟ.

"ಸರಿ ಅವ್ವ. ಕಣ್ಣಿಗೆ ಕಾಣೋ ಹಾಗೆ ತೋರಿಸ್ತೀನಿ. ಸುಕನ್ಯನ ಕರ್ಕೊಂಡು ಬರ್ತೀನಿ. ಅವಳು ಈ ಊರಲ್ಲಿ ಇರೋವಾಗ್ಲೇ ಎಲ್ಲಾ ಹಸುಗಳ ಓಲೆ ಕಿತ್ತು ಹಾಕ್ತೀನಿ. ಮೂರ್ನಾಲ್ಕು ದಿನದಲ್ಲಿ ಊರ ಹಸುಗಳು ಕೂಗ್ಲಿಲ್ಲ ಅಂದ್ರೆ, ನಾನೇ ಈ ಮನೆ ಹೊಸ್ಲು ತುಳಿಯಲ್ಲ."

ದ್ಯಾವಮ್ಮ ಮುಂದೆ ಬಂದಳು. "ಓಲೆ ಕಿತ್ರೆ ಕಂಪ್ನಿಯೋರು ಹಾಲು ತಕ್ಕಳಾಕಿಲ್ಲ ಅಂದಿದ್ರಲ್ಲವ್ವ?"

"ನಿಮ್ಮ ಹಸು ಈಗ ಎಷ್ಟು ಹಾಲು ಕೊಡ್ತದೆ ದ್ಯಾವಮ್ಮ?"

ದ್ಯಾವಮ್ಮ ಯೋಚಿಸಿದಳು. "ಬೆಕ್ಕಿಗೂ ಸಾಲ್ದು. ನಮ್ದು ಮೊದ್ಲು ಕೀಳು," ಎಂದಳು.

ಸುಕನ್ಯಳ ತೌರು ಕೆ.ಆರ್. ಪೇಟೆಯ ಕಡೆ. ಇಂದ್ರಾಣಿ ಅಲ್ಲಿಗೆ ಹೋಗಿ ಎಲ್ಲವನ್ನೂ ಹೇಳಿ, ಪರೀಕ್ಷೆಯ ಮಾತೆತ್ತಿದಾಗ ಆ ಮೆತ್ತನೆಯ ಹುಡುಗಿ ಮೊದಲ ಸಲ ಕಣ್ಣೆತ್ತಿ ನೋಡಿದಳು.

"ನನ್ ಕಾಲಿಗೆ ಪರೀಕ್ಷೆನಾ ಅಕ್ಕ? ಹಸ ಕೂಗುದ್ರೆ ನಾನು ಒಳ್ಳೆಯೋಳು, ಕೂಗ್ನಿಲ್ಲ ಅಂದ್ರೆ ಕೆಟ್ಟೋಳು. ನೀವೂ ಅತ್ತೆ ಕಟ್ಟಿದ ಆಟನೇ ಆಡ್ತಾ ಇದ್ದೀರಲ್ಲ."

ಇಂದ್ರಾಣಿಯ ಮುಖ ಕೆಂಪಾಯಿತು. ಹುಡುಗಿ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

"ಬತ್ತೀನಿ," ಎಂದಳು ಸುಕನ್ಯ ಕೊನೆಗೆ. "ಪರೀಕ್ಷೆ ಕೊಡಾಕಲ್ಲ. ಹಸ ಹಿಡ್ಕಳಾಕೆ ನಿಮ್ಗೆ ಒಬ್ರು ಬೇಕಲ್ಲ, ಅದ್ಕೆ. ನಾನು ಇರಾದೂ ಕೊಟ್ಗೇಲೇ. ಎಲ್ಲಿ ಕಾಲಿಕ್ಬಾರ್ದು ಅಂದ್ರೋ ಅಲ್ಲೇ ಇರ್ತೀನಿ."

ಹಾಗೆಯೇ ಮಾಡಿದಳು. ಕೊಟ್ಟಿಗೆಯ ಮೂಲೆಯಲ್ಲಿ ಚಾಪೆ ಹಾಸಿದಳು. ಚಿಕ್ಕತಾಯಮ್ಮ ಹುಬ್ಬು ಗಂಟಿಕ್ಕಿ ನೋಡಿ ಒಳಗೆ ಹೋದಳು. ಬೆಳಗಾದ ಮೇಲೆ ಇಬ್ಬರೂ ಮನೆಮನೆಗೆ ಹೊರಟರು. ಸುಕನ್ಯ ಹಸುವಿನ ಕೊರಳು ತಬ್ಬಿ, ಕತ್ತಿನಡಿ ಜೋಲುವ ಗಂಗೆದೊಗಲು ಸವರುತ್ತಾ ಅದರ ಕಿವಿಯಲ್ಲಿ ಏನೇನೋ ಪಿಸುಗುಡುತ್ತಿದ್ದಳು. ಇಂದ್ರಾಣಿ ಮದ್ದು ಚುಚ್ಚಿ, ಚರ್ಮ ಒಂದಿಷ್ಟು ಸೀಳಿ, ಡಬ್ಬಿಯನ್ನು ಒತ್ತಿ ಹೊರಗೆ ತೆಗೆಯುತ್ತಿದ್ದಳು. ರಕ್ತ ಬರುತ್ತಿದ್ದದ್ದು ಹನಿಯಷ್ಟು. ಮನೆಯವರು ಕೆಳಗೆ ಬಿದ್ದ ಆ ನೀಲಿ ಗುಂಡಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ತಮ್ಮ ಕೊಟ್ಟಿಗೆಯಲ್ಲಿ, ತಾವೇ ಮೇವು ಹಾಕಿ ಸಾಕಿದ ಹಸುವಿನ ಮೈಯೊಳಗೆ, ತಮಗೇ ಗೊತ್ತಿಲ್ಲದ ಯಜಮಾನನೊಬ್ಬ ಕೂತಿದ್ದ ಎಂಬುದು ಆಗ ಕೆಲವರಿಗಾದರೂ ಹೊಳೆಯಿತು. ದಲ್ಲಾಳಿಗೆ ಹಸು ಕೊಟ್ಟುಬಿಟ್ಟಿದ್ದ ಮನೆಯೊಂದರ ಮುಂದೆ ಮುದುಕಿಯೊಬ್ಬಳು ಖಾಲಿ ಗೂಟ ಹಿಡಿದು ಕೂತು, "ನಮ್ದು ಗೊಡ್ಡಾಗಿರ್ನಿಲ್ವೇನವ್ವ?" ಎಂದು ಕೇಳಿದಳು. ಇಂದ್ರಾಣಿ ಪೆಟ್ಟಿಗೆ ಎತ್ತಿಕೊಂಡು ಮುಂದಿನ ಮನೆಗೆ ನಡೆದಳು.

ಅರ್ಧ ಊರು ಮುಗಿಯುವಷ್ಟರಲ್ಲಿ ದಯಾನಂದನ ಫೋನು.

"ಮೇಡಂ, ಮಾದೇನಕೊಪ್ಪಲಿನ ಓಲೆಗಳು ನಕ್ಷೆಯಲ್ಲಿ ಒಂದೊಂದಾಗಿ ಆರ್ತಾ ಇವೆ!"

"ಗೊತ್ತು. ಆರಿಸ್ತಿರೋಳು ನಾನೇ."

"ಏನು ಮಾಡ್ತಿದ್ದೀರಿ ನೀವು? ಕೆಲಸ ಹೋಗುತ್ತೆ. ಕೇಸಾಗುತ್ತೆ. ಆ ಊರಿನ ಹಾಲನ್ನ ಇನ್ನು ಯಾವತ್ತೂ ಕೊಳ್ಳಲ್ಲ ಅಂತ ಮೇಲಿನವರು ಹೇಳ್ತಿದ್ದಾರೆ."

"ಇದ್ದ ಹಾಲನ್ನ ಬತ್ತಿಸಿದವರೇ ನೀವು. ಈಗ ಹಾಲು ಕೊಳ್ಳಲ್ಲ ಅಂತ ಹೆದರಿಸ್ತೀರಾ ಸರ್?" ಎಂದಳು ಇಂದ್ರಾಣಿ. "ಕೇಸು ಹಾಕಿ, ದಯವಿಟ್ಟು ಹಾಕಿ. ಎರಡು ಬಾಟಲಿ ಹಾಲು ಇನ್ನೂ ನನ್ನ ಹತ್ರ ಇದೆ. ಅದರಲ್ಲಿ ಏನು ಸಿಕ್ಕಿತು ಅಂತ ನ್ಯಾಯಾಧೀಶರ ಮುಂದೆ ಹೇಳೋಕೆ ನನಗೂ ಒಂದು ಜಾಗ ಬೇಕು."

ಆಮೇಲೆ ಕಾಯುವ ಕೆಲಸ. ಮೊದಲ ದಿನ ಏನೂ ಆಗಲಿಲ್ಲ. ಎರಡನೆಯ ದಿನವೂ ಇಲ್ಲ. ಹೆಂಗಸರು ಕೊಟ್ಟಿಗೆಯತ್ತ ಓರೆಗಣ್ಣು ಬಿಡತೊಡಗಿದರು. ಚಿಕ್ಕತಾಯಮ್ಮ ಸೊಸೆಯ ಊಟದ ತಟ್ಟೆಯನ್ನು ಕೊಟ್ಟಿಗೆಯ ಬಾಗಿಲಲ್ಲಿಟ್ಟು ಹೋಗುತ್ತಿದ್ದಳು. ವಿಜ್ಞಾನ ಓದಿದ ಇಂದ್ರಾಣಿಯೂ ಗಳಿಗೆಗೊಮ್ಮೆ ಬೀದಿಯತ್ತ ಕಿವಿಗೊಟ್ಟಳು. ಎಲ್ಲ ಹಸುವೂ ಬರುವುದಿಲ್ಲ, ಕೆಲವಕ್ಕೆ ಇನ್ನೂ ದಿನ ಬೇಕು, ಅದು ಅವಳಿಗೆ ಗೊತ್ತು. ಊರಿಗೆ ಅದನ್ನು ಯಾರು ಹೇಳಬೇಕು? ಸುಕನ್ಯ ಮಾತ್ರ ಇದ್ಯಾವುದೂ ತನಗೆ ಸೇರಿದ್ದಲ್ಲ ಎಂಬಂತೆ ಸಗಣಿ ಬಾಚಿದಳು, ಕಲಗಚ್ಚು ಇಟ್ಟಳು, ಹಾಲು ಕರೆದಳು.

ಮೂರನೆಯ ದಿನ ಬೆಳಿಗ್ಗೆ ದ್ಯಾವಮ್ಮನ ಹಸು ಕತ್ತೆತ್ತಿ ಒಂದು ಸಲ ಕೂಗಿತು. ಎದುರು ಬೀದಿಯಿಂದ ಇನ್ನೊಂದು ಉತ್ತರ ಕೊಟ್ಟಿತು. ಬಿಸಿಲೇರುವಷ್ಟರಲ್ಲಿ ಮಾದೇನಕೊಪ್ಪಲಿನ ಯಾವ ಮೂಲೆಯಲ್ಲಿ ನಿಂತರೂ ಅಂಬಾ ಎನ್ನುವ ಕೂಗು. ಹಗ್ಗ ಕಿತ್ತುಕೊಂಡು ಓಡುವವು, ಒಂದರ ಮೇಲೊಂದು ಏರುವವು, ಹಿಂದೆ ಕೋಲು ಹಿಡಿದು ಓಡುವ ಗಂಡಸರು. ಹೋಬಳಿಯ ಸರ್ಕಾರಿ ಪಶು ಆಸ್ಪತ್ರೆಯಿಂದ ಇಂಜೆಕ್ಷನ್ನಿನವನು ಬೈಕಿಗೆ ವೀರ್ಯದ ಕಡ್ಡಿಗಳಿದ್ದ ನೈಟ್ರೋಜನ್ ಕ್ಯಾನು ಕಟ್ಟಿಕೊಂಡು ಬಂದ. ಮಧ್ಯಾಹ್ನದ ಹೊತ್ತಿಗೆ ಅವನಿಗೆ ತಾನು ಯಾವ ಬೀದಿಯಲ್ಲಿದ್ದೇನೆ ಎಂಬುದೇ ತಿಳಿಯದಂತಾಗಿತ್ತು. ನಂಜೇಶ ಆಲೆಮನೆಗೆ ರಜೆ ಹಾಕಿ ಅವನ ಹಿಂದೆ ಬಕೆಟ್ಟು ಹೊತ್ತು ಓಡಾಡಿದ. ಮುಖ ಒರೆಸಿಕೊಳ್ಳಲು ಅವನಿಗೆ ಅಂದು ಪುರುಸೊತ್ತಾಗಲಿಲ್ಲ.

ಸಂಜೆ ಹೆಂಗಸರೆಲ್ಲ ಚಿಕ್ಕತಾಯಮ್ಮನ ಮನೆಯ ಮುಂದೆ ಸೇರಿದರು. ಚಿಕ್ಕತಾಯಮ್ಮ ಹೊಸ ಸೀರೆಯುಟ್ಟು, ಆರತಿ ತಟ್ಟೆ ಹಿಡಿದು, ಕೊಟ್ಟಿಗೆಯ ಬಾಗಿಲಿಗೆ ಹೋಗಿ ಸೊಸೆಯನ್ನು ಕರೆದಳು. ಅವಳ ಕಣ್ಣು ತುಂಬಿತ್ತು.

"ಬಾರವ್ವ, ಬಲ್ಗಾಲಿಕ್ಕಿ ಮನೆ ಒಳೀಕೆ ಬಾ. ನಿನ್ ಕಾಲ್ಗುಣ ದೊಡ್ದು ಕಣವ್ವ. ನೀ ಬಂದು ಕಾಲಿಕ್ದೆ, ಊರಿಗೂರೇ ಎದ್ಬುಡ್ತು."

"ನಮ್ ಕೊಟ್ಗೆಗೂ ಒಂದಪ ಕಾಲಿಕ್ಕೋಗು ಮಗ," ಎಂದಳು ದ್ಯಾವಮ್ಮ. "ಗಬ್ಬ ನಿಲ್ಲೋಗಂಟ ದಿನಾ ಬಂದೋಗು."

ಇಂದ್ರಾಣಿ ಹಣೆ ಚಚ್ಚಿಕೊಂಡಳು. ಇಷ್ಟೆಲ್ಲ ಮಾಡಿದ್ದು ಇದಕ್ಕೇನು? ಬಾಯಿ ತೆರೆಯಬೇಕು ಎನ್ನುವಷ್ಟರಲ್ಲಿ ಸುಕನ್ಯ ಕೊಟ್ಟಿಗೆಯಿಂದ ಹೊರಗೆ ಬಂದಳು. ಕಿತ್ತ ಓಲೆಗಳನ್ನೆಲ್ಲ ತುಂಬಿದ್ದ ಪ್ಲಾಸ್ಟಿಕ್ ಬಕೆಟ್ಟು ಅವಳ ಕೈಯಲ್ಲಿತ್ತು. ಅವಳು ಎತ್ತಿದ ದನಿಯಲ್ಲಿ ಮಾತಾಡುವುದನ್ನು ಆ ಊರು ಅಲ್ಲಿಯ ತನಕ ಕೇಳಿರಲಿಲ್ಲ.

"ಅತ್ತೆ, ಹಸ ಸುಮ್ಕಿದ್ದಾಗ ನನ್ ಕಾಲು ಕೆಟ್ಟದ್ದಾಗಿತ್ತು. ಇವತ್ತು ಒಳ್ಳೇದಾಯ್ತು. ನಾಳೀಕ್ಕೆ ಯಾವ್ದೋ ಒಂದು ಹಸ ಗಬ್ಬ ಕಳ್ಕಂಡು ಕಂದಾಕುದ್ರೆ ಮತ್ತೆ ಕೆಟ್ಟದ್ದಾಯ್ತದೆ. ನಂಗೆ ಆ ಬೈಗ್ಳೂ ಬ್ಯಾಡ, ಈ ಆರತೀನೂ ಬ್ಯಾಡ. ಇವು ಕಾಲು, ಅಷ್ಟೆ. ನಡಿಯಾಕೆ ಇರಾವು. ಈ ಓಲೆಗಳ್ನ ತಕ್ಕಂಡೋಗಿ ಕಂಪ್ನಿಯೋರ ಬಾಗ್ಲಿಗೆ ಸುರಿದು, ಸುತ್ಲ ಊರುಗಳ ಹಸೀಗೂ ಯಾಕೆ ಬೀಗ ಹಾಕಿದ್ರಿ ಅಂತ ಕೇಳ್ಬೇಕು. ನಾನು ಹೋಯ್ತಾ ಇದ್ದೀನಿ. ಬರಾದಾದ್ರೆ ಬನ್ನಿ."

ಸುಕನ್ಯ ಬಕೆಟ್ಟನ್ನು ಸೊಂಟಕ್ಕೇರಿಸಿ ಅಂಗಳ ದಾಟಿ ಬೀದಿಗೆ ಇಳಿದಳು. ಮೊದಲು ಇಟ್ಟದ್ದು ಎಡಗಾಲೋ ಬಲಗಾಲೋ, ಯಾರೂ ಗಮನಿಸಲಿಲ್ಲ. ಇಂದ್ರಾಣಿ ಹಿಂದೆ ಹೊರಟಳು. ದ್ಯಾವಮ್ಮ ಸೆರಗು ಬಿಗಿದುಕೊಂಡಳು.

ಚಿಕ್ಕತಾಯಮ್ಮ ಉರಿಯುತ್ತಿದ್ದ ಆರತಿ ತಟ್ಟೆಯನ್ನು ಜಗಲಿಯ ಮೇಲಿಟ್ಟು, ಬಾಗಿಲ ಸಂದಿಯಲ್ಲಿ ತನ್ನ ಚಪ್ಪಲಿ ಹುಡುಕತೊಡಗಿದಳು.